ಸೋಮವಾರ ಸೋರಿದ ಪೆನ್ನು

"ಒಣಗಿದೆ," ಎಂದಳು ನಿಬ್ಬಕ್ಕ.

"ಏನು ಒಣಗಿದೆ ಅತ್ತಿಗೆ? ಇಂಕಾ?"

"ಇಂಕ್ ಒಣಗಿದ್ರೆ ನಿನ್ನನ್ನ ಯಾಕಪ್ಪಾ ಕರೆಸ್ತಿದ್ದೆ? ತಿರುಪು ಒಣಗಿದೆ. ಬಾ, ಬಗ್ಗಿ ನೋಡು."

ಇನ್ಸ್‌ಪೆಕ್ಟರ್ ಮೈದುನ ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಗ್ಗಿದ. ಭೂತಗನ್ನಡಿಯ ಕೆಳಗೆ ದೊಡ್ಡ ಡಾಕ್ಟರ ಕರಿ ಪೆನ್ನು ಎರಡು ತುಂಡಾಗಿ ಮಲಗಿತ್ತು. ಅವನ ಕಣ್ಣಿಗೆ ಅದು ಬಿಚ್ಚಿಟ್ಟ ಹಳೇ ಪೆನ್ನು, ಅಷ್ಟೇ. ಮೂವತ್ತು ವರ್ಷದಿಂದ ಪೆನ್ನು ರಿಪೇರಿ ಮಾಡಿ ಮಾಡಿ, ಅಪ್ಪ ಅಮ್ಮ ಇಟ್ಟ ಹೆಸರನ್ನೇ ಜನ ಮರೆಯುವಷ್ಟು ನಿಬ್ಬಕ್ಕನಾಗಿಹೋದ ಅತ್ತಿಗೆಯ ಕಣ್ಣಿಗೆ ಮಾತ್ರ ಬೇರೇನೋ ಬಿದ್ದಿತ್ತು.

"ಒಂದ್ನಿಮಿಷ," ಮೈದುನ ನೆಟ್ಟಗಾದ. "ಇದು ಡಾಕ್ಟರ ಪೆನ್ನಾ? ಆ ಪೆನ್ನಾ? ನಾನು ಆರು ದಿನದಿಂದ ಹುಡುಕ್ತಿರೋ ಪೆನ್ನು, ಎಲ್ಲಿಟ್ಟೆನೋ ಅಂತ ಡಾಕ್ಟರೇ ಅಂದ ಪೆನ್ನು, ನಿಮ್ಮ ಡಬ್ಬೀಲಿತ್ತಾ?"

"ಹೋದ ವಾರ ಮಂಗಳವಾರ ಬೆಳಿಗ್ಗೆ ಅವರೇ ತಂದುಕೊಟ್ರು. ಸೋರ್ತಿದೆ, ನೋಡಮ್ಮಾ ಅಂದ್ರು. ನನ್ನ ಕೈ ತುಂಬ ಕೆಲಸ ಇತ್ತು, ಇವತ್ತು ಇದರ ಸರದಿ ಬಂತು. ನೀನು ಊರೆಲ್ಲ ಕೇಳಿದೆ, ನನ್ನನ್ನ ಕೇಳಲಿಲ್ಲ."

ಮೈದುನ ಟೋಪಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡ. ಅತ್ತಿಗೆಯ ಜೊತೆ ವಾದಕ್ಕಿಳಿದು ಗೆದ್ದ ದಾಖಲೆ ಆ ಮನೆಯಲ್ಲಿ ಯಾರ ಹೆಸರಲ್ಲೂ ಇರಲಿಲ್ಲ, ಅವನ ಅಣ್ಣನ ಹೆಸರಲ್ಲಂತೂ ಇಲ್ಲವೇ ಇಲ್ಲ.

ಗಣಿತದ ಟೀಚರಮ್ಮ ದೊಡ್ಡ ಡಾಕ್ಟರ ನರ್ಸಿಂಗ್ ಹೋಮಿನ ಮಂಚದ ಮೇಲೆ ಸತ್ತು ಆರು ದಿನವಾಗಿತ್ತು: ದಿನಕ್ಕೊಂದು ನುಂಗಬೇಕಾದ ಹೃದಯದ ಮಾತ್ರೆಯನ್ನು ಅವರಿಗೆ ಮೂರು ದಿನ ನಾಲ್ಕು ನಾಲ್ಕು ಕೊಡಲಾಗಿತ್ತು, ಏಕೆಂದರೆ ಚಾರ್ಟಿನಲ್ಲಿ ಹೋದ ವಾರದ ಸೋಮವಾರ ಡಾಕ್ಟರು ಬರೆದ 1ಕ್ಕೆ ಆಮೇಲೆ ಎರಡು ಗೀಟು ಸೇರಿ 4 ಆಗಿಬಿಟ್ಟಿತ್ತು. ಗೀಟು ಎಳೆದದ್ದೂ ಅದೇ ನಿಬ್ಬು, ಅದೇ ಇಂಕು ಎಂದು ತಜ್ಞರು ಬರೆದುಕೊಟ್ಟಿದ್ದರು.

ನಾಳೆ ಬೆಳಿಗ್ಗೆ ಹತ್ತಕ್ಕೆ ವೈದ್ಯರ ಸಮಿತಿ ಸೇರುವುದಿತ್ತು. ಎಪ್ಪತ್ತೆರಡು ವರ್ಷದ ಮುದುಕ, ಮರೆವು, ತಾನೇ ತಿದ್ದಿ ತಾನೇ ಮರೆತ, ಅಂದೇ ಪೆನ್ನೂ ಜೇಬಿಗೆಲ್ಲ ಸೋರಿಕೊಂಡಿತ್ತು, ಕೈ ಸ್ವಾಧೀನದಲ್ಲಿಲ್ಲ ಎನ್ನುವುದಕ್ಕೆ ಇನ್ನೇನು ಬೇಕು? ಒಂದು ಸಹಿ ಬಿದ್ದರೆ ದೊಡ್ಡ ಡಾಕ್ಟರು ಇನ್ನು ಡಾಕ್ಟರಲ್ಲ. ನಲವತ್ತೈದು ವರ್ಷದ ಹೆಸರು ಮಣ್ಣುಪಾಲು.

ನಿಬ್ಬಕ್ಕನ ಅಪ್ಪ ಸಾಯುವ ಮುನ್ನ ಹಾಸಿಗೆ ಹಿಡಿದ ಒಂಬತ್ತು ತಿಂಗಳು ಆ ಮನುಷ್ಯ ದಿನಾ ಬೆಳಿಗ್ಗೆ ತಾವೇ ಮೆಟ್ಟಿಲು ಹತ್ತಿ ಬಂದಿದ್ದರು. ಅವರ ಮೇಲೆ ಅವಳಿಗಿದ್ದದ್ದು ಬರೀ ಗೌರವವಲ್ಲ, ಪ್ರೀತಿ. ಅದನ್ನು ಅವಳು ಯಾರಿಂದಲೂ ಮುಚ್ಚಿಟ್ಟವಳಲ್ಲ.

"ಪೆನ್ನು ಅಂದ್ಮೇಲೆ ಸೋರುತ್ತೆ ಅತ್ತಿಗೆ. ಅದಕ್ಕೇ ನಾನು ಬಾಲ್‌ಪೆನ್ ಇಟ್ಕೊಂಡಿರೋದು."

"ಅದಕ್ಕೇ ನಿನ್ನ ಅಕ್ಷರ ಹಾಗಿರೋದು. ಕೂತ್ಕೋ."

ಅವನು ಸ್ಟೂಲಿನ ಮೇಲೆ ಕೂತ.

"ಡಾಕ್ಟರು ಇದನ್ನ ಮೂವತ್ತು ವರ್ಷದಿಂದ ದಿನಾ ಜೇಬಲ್ಲಿಟ್ಟು ಓಡಾಡಿದ್ದಾರೆ. ಒಂದೇ ಒಂದು ಚುಕ್ಕೆ ಕಲೆ ಇಲ್ಲ. ಹೇಗೆ ಅಂತೀಯಾ? ಬೆಳಿಗ್ಗೆ ಎದ್ದ ತಕ್ಷಣ ಫಿಲ್ಲರ್‌ನಲ್ಲಿ ಕಂಠಮಟ್ಟ ಇಂಕ್ ತುಂಬಿಸ್ತಾರೆ. ಅರ್ಧ ಇಂಕ್ ಇಟ್ಕೊಂಡು ಯಾವತ್ತೂ ಆಚೆ ಹೊರಡಲ್ಲ. ಅರ್ಧ ಇಂಕ್ ಅಂದ್ರೆ ಇನ್ನರ್ಧ ಗಾಳಿ. ಎದೆ ಮೇಲಿನ ಜೇಬು, ಮೈ ಕಾವು ತಗುಲುತ್ತೆ, ಗಾಳಿ ಹಿಗ್ಗುತ್ತೆ, ಇಂಕನ್ನ ಆಚೆಗೆ ದಬ್ಬುತ್ತೆ."

"ಸರಿ."

"ಜೇಬಲ್ಲಿ ನಿಬ್ಬು ಯಾವಾಗ್ಲೂ ಮೇಲ್ಮುಖ. ಕೋಟಿನ ಒಳಗಡೆ ಅದಕ್ಕೇ ಅಂತ ಉದ್ದಕ್ಕೆ ಒಂದು ಜೇಬು ಹೊಲಿಸಿದ್ದಾರೆ, ಅಲ್ಲಾಡಬಾರದು ಅಂತ. ನಿಬ್ಬು ಕೂತಿರೋ ಕುತ್ತಿಗೆಯೂ ಇಂಕ್ ತುಂಬೋ ಹೊಟ್ಟೆಯೂ ಕೂಡೋ ಈ ತಿರುಪಿಗೆ ಗ್ರೀಸ್. ಅದನ್ನ ಹಚ್ಚೋದು ನಾನು. ಹೋದ ತಿಂಗಳು ಹಚ್ಚಿದ್ದೆ. ಮೂರು ತಿಂಗಳಿಗೆ ಏನೂ ಆಗಬಾರದು."

"ಈಗ?"

"ಈಗ ಎಳ್ಳಷ್ಟೂ ಇಲ್ಲ. ತಿರುಪಿನ ಗೆರೆಗಳಲ್ಲಿ ಉಗುರು ಹಾಕಿ ಕೆರೆದು ನೋಡಿದ್ದೀನಿ. ಯಾರೋ ಉಜ್ಜಿ ಉಜ್ಜಿ ಒರೆಸಿದ್ದಾರೆ." ಅವಳು ಚಿಮುಟ ತೆಗೆದುಕೊಂಡು ಗಾಜಿನ ತಟ್ಟೆಯಿಂದ ಏನನ್ನೋ ಎತ್ತಿ ಬೆಳಕಿಗೆ ಹಿಡಿದಳು. "ಇದು ಗೆರೆಯಲ್ಲಿ ಸಿಕ್ಕಿಕೊಂಡಿತ್ತು."

ಬೆರಳಷ್ಟೂ ಉದ್ದವಿಲ್ಲದ ಬಿಳಿ ನೂಲು. ಅಂಚಿಗೆ ನೀಲಿ ಹತ್ತಿತ್ತು.

"ಗಾಯಕ್ಕೆ ಕಟ್ಟೋ ಗಾಜ್ ಬಟ್ಟೆಯ ನೂಲು. ಪೆನ್ನಿನ ಮೈ ನೋಡು, ತಿರುಪಿನ ಹತ್ತಿರ ಮಾತ್ರ ಹೊಳಪು ಹೋಗಿ ಮಂಕಾಗಿದೆ. ಸ್ಪಿರಿಟ್ ತಾಗಿದ್ರೆ ಹೀಗಾಗುತ್ತೆ. ಪೆನ್ನಿಗೆ ಗೊತ್ತಿರೋವ್ರು ಯಾರೂ ಸ್ಪಿರಿಟ್ ಹಾಕಲ್ಲ. ಏನು ಚೆಲ್ಲಿದ್ರೂ ಸ್ಪಿರಿಟ್‌ನಲ್ಲಿ ಒರೆಸೋದು ಆಸ್ಪತ್ರೆ ಕೈಗಳು."

ಮೈದುನನ ಕಿವಿ ನಿಮಿರಿತು. "ಚೆಲ್ಲಿತ್ತು ಅಂತ ಹೇಗೆ ಹೇಳ್ತೀರಿ?"

ನಿಬ್ಬಕ್ಕ ಎರಡು ತುಂಡನ್ನೂ ಜೋಡಿಸಿ, ಪೆನ್ನಿನ ಟೋಪಿ ಹಾಕಿ, ಅವನ ಕೈಗೆ ಕೊಟ್ಟಳು. "ಟೋಪಿ ತೆಗಿ."

ಅವನು ತಿರುಗಿಸಿದ. ಟೋಪಿ ಬರಲಿಲ್ಲ. ಪೆನ್ನನ್ನು ಅಡ್ಡಕ್ಕೆ ಹಿಡಿದು ಇನ್ನಷ್ಟು ಒತ್ತಿ ತಿರುಗಿಸಿದ. ಟೋಪಿಯ ಜೊತೆಗೇ ಕುತ್ತಿಗೆಯೂ ಕಿತ್ತುಕೊಂಡು ಬಂದು, ಬಾಯಿ ತೆರೆದ ಪೆನ್ನಿನ ಹೊಟ್ಟೆ ಅವನ ಎಡಗೈಯಲ್ಲಿ ಉಳಿಯಿತು.

"ಇಂಕ್ ಇದ್ದಿದ್ರೆ ಈಗ ನಿನ್ನ ಪ್ಯಾಂಟು ನೋಡೋ ಹಾಗಿರಲಿಲ್ಲ," ಎಂದಳು ನಿಬ್ಬಕ್ಕ. "ಈ ಟೋಪಿ ಒಳಗಡೆ ಕುತ್ತಿಗೆಯನ್ನ ಕಚ್ಚಿಕೊಳ್ಳುತ್ತೆ. ಮೊದಲು ಒಂಚೂರು ಬಿಗಿ ಮಾಡಿ, ಆಮೇಲೆ ಸಡಿಲಿಸಬೇಕು. ಅದೂ ಪೆನ್ನನ್ನ ನೆಟ್ಟಗೆ ಹಿಡಿದು. ಡಾಕ್ಟರಿಗೆ ಗೊತ್ತು, ನನಗೆ ಗೊತ್ತು. ಮೂರನೇ ಕೈ ಮುಟ್ಟಿದ್ರೆ ಇದೇ ಗತಿ."

ಮೈದುನ ಪೆನ್ನಿನ ಹೊಟ್ಟೆಯನ್ನೇ ದಿಟ್ಟಿಸುತ್ತ ಕೂತ.

"ಅಂದ್ರೆ ಸೋಮವಾರ ಯಾರೋ ಇದನ್ನ ಕದ್ದು ಬಿಚ್ಚೋಕೆ ಹೋಗಿ, ಅರ್ಧ ಇಂಕ್ ಕೈಮೇಲೆ ಸುರ್ಕೊಂಡು, ಗಾಬರಿ ಬಿದ್ದು, ಸ್ಪಿರಿಟ್‌ನಲ್ಲಿ ಒರೆಸಿ ವಾಪಸ್ ಜೇಬಲ್ಲಿಟ್ರು. ಗ್ರೀಸೂ ಹೋಯ್ತು."

"ಇಂಕೂ ಅರ್ಧ ಆಯ್ತು. ಡಾಕ್ಟರು ದಿನವಿಡೀ ರೋಗಿಗಳ ಮೇಲೆ ಬಗ್ಗೋವ್ರು. ಅವರು ಬಗ್ಗಿದಾಗೆಲ್ಲ ಪೆನ್ನೂ ಬಗ್ಗುತ್ತೆ. ಸೋರದೆ ಇನ್ನೇನಾಗುತ್ತೆ? ಸಂಜೆ ಹೊತ್ತಿಗೆ ಪೂರ್ತಿ ಖಾಲಿ. ಮೂವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ ಅಂತ ಎಷ್ಟು ಬೇಜಾರು ಮಾಡ್ಕೊಂಡ್ರು ಗೊತ್ತಾ? ಇಷ್ಟು ಜತನದ ಮನುಷ್ಯ ಒಂದು ಜೀವದ ಚಾರ್ಟಲ್ಲಿ ತಪ್ಪು ಬರೀತಾರೆ ಅಂತ ನೀನು ಹೇಗೆ ನಂಬಿದೆ?"

"ನಾನು ನಂಬಿಲ್ಲ. ಕಾಗದ ಹೇಳ್ತಿದೆ."

"ಕಾಗದ ಎಲ್ಲಿ? ತೋರಿಸು."

ಮೈದುನ ಫೈಲಿನಿಂದ ಚಾರ್ಟಿನ ಫೋಟೋ ತೆಗೆದ. ದಪ್ಪ ನಿಬ್ಬಿನ ಕಪ್ಪುನೀಲಿ 4. ಸುತ್ತ ಬಿಳಿ ಕಾಗದ ಸ್ವಚ್ಛವಾಗಿತ್ತು. ನಿಬ್ಬಕ್ಕ ಅದನ್ನು ತುಸು ಹೆಚ್ಚೇ ಹೊತ್ತು ನೋಡಿದಳು. ಅಂಗೈ ತುಂಬ ಇಂಕು ಸುರಿದುಕೊಂಡ ಕೈ ಇಷ್ಟು ಶುಭ್ರವಾಗಿ ಬರೆದೀತೇ ಎಂಬ ಪ್ರಶ್ನೆ ಮನಸ್ಸಿಗೆ ಬಂತು. ಬಂದಷ್ಟೇ ಬೇಗ ಅದನ್ನು ಪಕ್ಕಕ್ಕೆ ಸರಿಸಿದಳು. ಮೊದಲು ಬರೆದು ಆಮೇಲೆ ಚೆಲ್ಲಿಕೊಂಡಿರಬಹುದು. ಹೌದು, ಹಾಗೇ ಇರಬೇಕು.

"ನಡಿ, ಹೋಗೋಣ," ಎಂದು ಅವಳು ಪೆನ್ನನ್ನು ಚೀಲಕ್ಕೆ ಹಾಕಿಕೊಂಡಳು.

"ಅತ್ತಿಗೆ, ಇದು ಪೊಲೀಸ್ ಕೆಲಸ."

"ಹೌದಪ್ಪಾ. ಪೆನ್ನು ಬಿಚ್ಚೋಕೂ ಬರದ ಪೊಲೀಸ್ ಕೆಲಸ. ಅದಕ್ಕೇ ನಾನೂ ಬರ್ತೀನಿ."

*

ನರ್ಸಿಂಗ್ ಹೋಮಿನ ಮುಂದೆ ಏಣಿ ಹಾಕಿ ಒಬ್ಬ ಬಾಗಿಲ ಮೇಲಿನ ಹೆಸರಿನ ಹಲಗೆಗೆ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದ. ಹಲಗೆಯ ಮೇಲೆ ದೊಡ್ಡ ಡಾಕ್ಟರ ಹೆಸರಿತ್ತು.

"ಯಾರು ಹೇಳಿದ್ದು?" ಎಂದು ಮೈದುನ ಕೇಳಿದ.

"ಅಳಿಯ ಡಾಕ್ಟರು. ಹೊಸದು ಬರೆಸ್ತಾರಂತೆ."

ಸಮಿತಿ ಸೇರುವುದು ನಾಳೆ, ಅಳತೆ ಇವತ್ತೇ. ನಿಬ್ಬಕ್ಕ ಹಲ್ಲು ಕಚ್ಚಿಕೊಂಡು ಒಳಗೆ ನಡೆದಳು.

ದೊಡ್ಡ ಡಾಕ್ಟರು ರೌಂಡ್ಸಿಗೆ ಹೋಗಿದ್ದರು. ನಾಳೆಯ ತನಕ ಅವರಿನ್ನೂ ಡಾಕ್ಟರೇ. ಅವರ ಕೋಣೆ ಚೊಕ್ಕಟವಾಗಿತ್ತು. ಮೇಜು, ಎರಡು ಕುರ್ಚಿ, ಕೈತೊಳೆಯುವ ಬೇಸಿನ್ನು, ಅದರ ಪಕ್ಕ ಗೋಡೆಯಲ್ಲಿ ಕೋಟಿನ ಗೂಟ. ದಿನಾ ಹನ್ನೊಂದಕ್ಕೆ ಅವರು ಕೋಟು ಕಳಚಿ ಇಲ್ಲಿ ತೂಗುಹಾಕಿ, ತೋಳು ಮಡಿಸಿ, ಡ್ರೆಸ್ಸಿಂಗ್ ರೂಮಿಗೆ ಹೋಗುತ್ತಾರೆ. ಬರುವುದು ಹನ್ನೊಂದೂವರೆಗೆ. ಆ ಅರ್ಧ ಗಂಟೆ ಪೆನ್ನು ಒಂಟಿ.

ನಿಬ್ಬಕ್ಕ ಗೂಟದ ಕೆಳಗೆ ನೆಲದ ಮೇಲೆ ಮಂಡಿಯೂರಿದಳು. ಚೀಲದಿಂದ ಬ್ಲಾಟಿಂಗ್ ಪೇಪರ್ ತೆಗೆದು, ನೀರಲ್ಲಿ ಅದ್ದಿ, ಹಾಸುಗಲ್ಲುಗಳ ಸಂದಿಗೆ ಒತ್ತಿ ಹಿಡಿದಳು. ಮನಸ್ಸಿನಲ್ಲೇ ನೂರು ಎಣಿಸಿದಳು. ಎತ್ತಿದಾಗ ಪೇಪರಿನ ಮೇಲೆ ಸಂದಿಯ ಉದ್ದಕ್ಕೂ ನೀಲಿ ಗೆರೆ ಮೂಡಿತ್ತು.

"ಮೇಲೆ ಒರೆಸಿದ್ದಾರೆ. ಸಂದಿಗೆ ಇಳಿದದ್ದು ಹೋಗಿಲ್ಲ," ಎಂದಳು ಪಿಸುದನಿಯಲ್ಲಿ. "ಸುರಿದದ್ದು ಇಲ್ಲೇ."

"ಈ ಕೋಣೆಗೆ ಯಾರ್ಯಾರು ಬರ್ತಾರೆ?"

"ನಾನು ಬರ್ತೀನಿ," ಎಂದಿತು ಬಾಗಿಲ ಬಳಿಯ ದನಿ.

ಅಳಿಯ ಡಾಕ್ಟರು. ನಲವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ಯಾವಾಗಲೂ ಬಸ್ಸು ತಪ್ಪಿಹೋಗುತ್ತದೆಯೇನೋ ಎಂಬ ಅವಸರ. "ನಾನು ಬರ್ತೀನಿ, ದೊಡ್ಡ ಸಿಸ್ಟರ್ ಬರ್ತಾರೆ. ಇನ್ಯಾರಿಗೂ ಮಾವನವರು ಬಿಡಲ್ಲ. ನೆಲ ಯಾಕೆ ಒರೆಸ್ತಿದೀರಿ? ಅದಕ್ಕೆ ನಮ್ಮಲ್ಲಿ ಜನ ಇದ್ದಾರೆ."

"ಹಲಗೆ ಬದಲಾಯಿಸೋ ಅವಸರ ಏನಿತ್ತು ಡಾಕ್ಟ್ರೇ?" ನಿಬ್ಬಕ್ಕ ಎದ್ದು ನಿಂತು ನೇರವಾಗಿ ಕೇಳಿದಳು.

ಅವರ ಮುಖ ಕೆಂಪಗಾಯಿತು. "ಅದು ನಮ್ಮ ಮನೆ ವಿಷಯ. ಮಾವನವರಿಗೆ ವಯಸ್ಸಾಯ್ತು. ನಾನು ಎರಡು ವರ್ಷದಿಂದ ಹೇಳ್ತಾನೇ ಇದ್ದೀನಿ, ಚಾರ್ಟೆಲ್ಲ ಕಂಪ್ಯೂಟರಿಗೆ ಹಾಕೋಣ ಅಂತ. ಕೇಳಿದ್ರೆ ತಾನೆ? ಪೆನ್ನಂತೆ, ಇಂಕಂತೆ! ನಾಳೆ ಈ ಜಾಗ ಮುಚ್ಚಿದ್ರೆ ಹದಿನೆಂಟು ಮಂಚದ ರೋಗಿಗಳು ಎಲ್ಲಿಗೆ ಹೋಗ್ತಾರೆ ಅಂತ ಯಾರಾದ್ರೂ ಯೋಚನೆ ಮಾಡಿದ್ದೀರಾ?"

ಉತ್ತರ ನುಣ್ಣಗಿತ್ತು. ನುಣ್ಣಗಿದ್ದದ್ದಕ್ಕೇ ನಿಬ್ಬಕ್ಕನಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ.

"ದೊಡ್ಡ ಸಿಸ್ಟರನ್ನೂ ಕರೀರಿ," ಎಂದ ಮೈದುನ. "ಇಬ್ಬರೂ ಒಂದೊಂದು ಹೇಳಿಕೆಗೆ ಸಹಿ ಹಾಕಬೇಕು. ಸೋಮವಾರ ಹನ್ನೊಂದರಿಂದ ಹನ್ನೊಂದೂವರೆ ತನಕ ಎಲ್ಲಿದ್ರಿ ಅಂತ."

ದೊಡ್ಡ ಸಿಸ್ಟರ್ ಬಂದರು. ಇಪ್ಪತ್ತಾರು ವರ್ಷದಿಂದ ಈ ನರ್ಸಿಂಗ್ ಹೋಮನ್ನು ಹೆಚ್ಚುಕಡಿಮೆ ಹೆಗಲ ಮೇಲೆ ಹೊತ್ತ ಹೆಂಗಸು. ತೆಳ್ಳಗೆ, ಎತ್ತರ, ಏಪ್ರನ್ ಮೇಲೆ ಒಂದು ಸುಕ್ಕಿಲ್ಲ. ಕಣ್ಣ ಕೆಳಗೆ ಮಾತ್ರ ಆರು ದಿನದ ನಿದ್ದೆ ಬಾಕಿ ಇತ್ತು. ಬಂದವರು ನಿಬ್ಬಕ್ಕನಿಗೆ ತಲೆಬಾಗಿ, ಗೋಡೆಗೊರಗಿ ನಿಂತರು. ಕೋಟಿನ ಗೂಟದತ್ತ ಅವರು ಒಮ್ಮೆಯೂ ನೋಡಲಿಲ್ಲ.

ಮೈದುನ ಜೇಬು ತಡಕಿದ. "ಅಯ್ಯೋ, ನನ್ನ ಬಾಲ್‌ಪೆನ್ ಎಲ್ಲಿ ಬಿತ್ತೋ. ಅತ್ತಿಗೆ, ನಿಮ್ಮ ಹತ್ತಿರ ಇದೆಯಾ?"

ದಾರಿಯಲ್ಲಿ ಹೇಳಿಕೊಟ್ಟ ಮಾತನ್ನು ಅವನು ಇಷ್ಟು ಚೆನ್ನಾಗಿ ಒಪ್ಪಿಸುತ್ತಾನೆಂದು ನಿಬ್ಬಕ್ಕ ಅಂದುಕೊಂಡಿರಲಿಲ್ಲ. ಅವಳು ತನ್ನ ಸ್ವಂತ ಪೆನ್ನು ಕೊಟ್ಟಳು. ಡಾಕ್ಟರದ್ದರಂಥದೇ ಕರಿ ಪೆನ್ನು, ಇಂಕು ತುಂಬಿದ್ದು.

ಅಳಿಯ ಡಾಕ್ಟರು ತೆಗೆದುಕೊಂಡು ಟೋಪಿಯನ್ನು ನೇರ ಎಳೆದರು. ಬರಲಿಲ್ಲ. ಇನ್ನೂ ಜೋರಾಗಿ ಎಳೆದರು. "ಏನಿದು ಅಂಟಿಸಿದ್ದೀರಾ?"

"ತಿರುಪು," ಎಂದಳು ನಿಬ್ಬಕ್ಕ.

"ಇದಕ್ಕೇ ನಾನು ಹೇಳೋದು, ಕಂಪ್ಯೂಟರ್ ಅಂತ." ಅವರು ಪೆನ್ನನ್ನು ಮೇಜಿನ ಮೇಲೆ ಎಸೆದು, ತಮ್ಮ ಜೇಬಿನ ಬಾಲ್‌ಪೆನ್ನಿನಲ್ಲಿ ಸಹಿ ಗೀಚಿದರು. ಇಂಥ ಪೆನ್ನಿಗೆ ತಿರುಪಿದೆ ಎನ್ನುವುದೇ ಗೊತ್ತಿಲ್ಲದ ಕೈ ಅದು. ನಾಟಕವಾಗಿದ್ದರೆ ಬಲು ಒಳ್ಳೆಯ ನಾಟಕ.

"ನೀವು ಸಿಸ್ಟರ್?"

ದೊಡ್ಡ ಸಿಸ್ಟರ್ ಮೇಜಿನ ಬಳಿ ಬಂದರು. ಪೆನ್ನನ್ನು ನೋಡಿದರು. ಏಪ್ರನ್ ಜೇಬಿಗೆ ಕೈ ಹಾಕಿ ಗಾಜ್ ಬಟ್ಟೆಯ ತುಂಡು ತೆಗೆದರು. ಪೆನ್ನಿನ ನಡುವಿಗೆ ಅದನ್ನು ಎರಡು ಸುತ್ತು ಸುತ್ತಿ, ಮೈಯಿಂದ ತೋಳುದ್ದ ದೂರ ಹಿಡಿದು, ಉಸಿರು ಬಿಗಿಹಿಡಿದು ಟೋಪಿ ತಿರುಗಿಸಿದರು. ತೆಗೆದು ಸಹಿ ಹಾಕಿದರು. ತಾವೇನು ಮಾಡಿದೆವೆಂಬ ಅರಿವು ಅವರಿಗಿದ್ದಂತಿರಲಿಲ್ಲ.

ನಿಬ್ಬಕ್ಕ ಮೈದುನನ ಕಡೆ ನೋಡಿದಳು. ಅವನಿಗೂ ಕಂಡಿತ್ತು.

"ಆ ಸೋಮವಾರ," ಅಳಿಯ ಡಾಕ್ಟರು ಬಾಗಿಲಿಗೆ ಹೊರಟವರು ತಟ್ಟನೆ ತಿರುಗಿ ನಿಂತರು, "ನೀವು ದಿನವಿಡೀ ಗ್ಲೌಸ್ ಹಾಕ್ಕೊಂಡಿದ್ರಲ್ಲಾ ಸಿಸ್ಟರ್? ಕಾಫಿ ಕುಡಿಯುವಾಗಲೂ. ನಾನು ಕೇಳಿದ್ದಕ್ಕೆ ಕೈಗೆ ಅಲರ್ಜಿ ಅಂದ್ರಿ."

ಸಿಸ್ಟರ ಕೈಯಿಂದ ಪೆನ್ನು ಜಾರಿ ಮೇಜಿನ ಮೇಲೆ ಉರುಳಿತು.

"ಡಾಕ್ಟ್ರೇ, ಸೋಮವಾರದ ಡ್ಯೂಟಿ ರಿಜಿಸ್ಟರ್ ಸ್ವಲ್ಪ ತೋರಿಸ್ತೀರಾ?" ನಿಬ್ಬಕ್ಕ ಹುಬ್ಬು ಹಾರಿಸಿದ್ದನ್ನು ಕಂಡು ಮೈದುನ ಅಳಿಯ ಡಾಕ್ಟರ ಹೆಗಲ ಮೇಲೆ ಕೈ ಹಾಕಿ ಕರೆದೊಯ್ದ. ಬಾಗಿಲು ಮುಚ್ಚಿಕೊಂಡಿತು.

*

"ಕೂತ್ಕೊಳ್ಳಿ ಸಿಸ್ಟರ್."

ಅವರು ಕೂರಲಿಲ್ಲ.

"ಪೆನ್ನು ಬಿಚ್ಚೋಕೆ ಗಾಜ್ ಸುತ್ತಿದವರನ್ನ ನಾನು ಇವತ್ತೇ ನೋಡಿದ್ದು. ಒಂದು ಸಲ ಕೈ ಸುಟ್ಟುಕೊಂಡವರು ಮಾತ್ರ ಹಾಗೆ ಹಿಡೀತಾರೆ." ನಿಬ್ಬಕ್ಕನಿಗೆ ಸಿಟ್ಟು ಬಂದಿತ್ತು, ಅದನ್ನು ಅಡಗಿಸುವ ಮನಸ್ಸೂ ಇರಲಿಲ್ಲ. "ಇಪ್ಪತ್ತಾರು ವರ್ಷ ಅವರ ಅನ್ನ ತಿಂದಿದ್ದೀರಿ. ನಾಳೆ ಅವರ ಹೆಸರು ಬೀದಿಪಾಲಾಗುತ್ತೆ. ನೀವು ಬಾಯಿಗೆ ಬೀಗ ಹಾಕ್ಕೊಂಡು ಓಡಾಡ್ತಿದ್ದೀರಿ. ಹೇಗಾದ್ರೂ ಮನಸ್ಸು ಬಂತು ನಿಮಗೆ?"

ಸಿಸ್ಟರ್ ಬೇಸಿನ್ನಿನ ಹತ್ತಿರ ಹೋಗಿ ಹನಿಯುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿದರು.

"ಬಿಚ್ಚಿದ್ದು ನಾನೇ," ಎಂದರು ಸಿಸ್ಟರ್ ಕೊನೆಗೆ. "ಹನ್ನೊಂದೂ ಹತ್ತಕ್ಕೆ. ಕೋಟಿನ ಜೇಬಿಂದ ತೆಗೆದು ತಿರುಗಿಸ್ದೆ. ಟೋಪಿ ಬರೋ ಬದಲು ಪೆನ್ನೇ ಎರಡಾಯ್ತು. ಕೈ ಮೇಲೆ, ನೆಲದ ಮೇಲೆ, ಎಲ್ಲ ಕಡೆ ಇಂಕು. ಸ್ಪಿರಿಟ್ ಹಾಕಿ ಒರೆಸ್ದೆ. ಕೈಗೆ ಅಂಟಿದ್ದು ಹೋಗಲಿಲ್ಲ. ಗ್ಲೌಸ್ ಹಾಕ್ಕೊಂಡೆ."

"ಟೀಚರಮ್ಮ ನಿಮಗೇನು ಮಾಡಿದ್ರು?"

"ಅಕ್ಕಾ, ನಾನು ಚಾರ್ಟ್ ಮೇಲೆ ಏನೂ ಬರೆದಿಲ್ಲ."

"ಬರೆಯೋಕಲ್ಲದೆ ಇನ್ನೇನಕ್ಕೆ ಪೆನ್ನು ಕದ್ರಿ?"

"ಬರೆಯೋಕೇ ಹೋದೆ." ಸಿಸ್ಟರ್ ಈಗ ನಿಬ್ಬಕ್ಕನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. "ಅಷ್ಟೊತ್ತಿಗಾಗ್ಲೇ ಅದು 4 ಆಗಿತ್ತು. ಅದನ್ನ ಹೊಡೆದು ಪಕ್ಕದಲ್ಲಿ 1 ಅಂತ ಬರೆಯೋಣ ಅಂತ ಹೋದೆ. ಅವರದ್ದೇ ಪೆನ್ನು, ಅವರದ್ದೇ ಇಂಕು, ಯಾರಿಗೂ ಗೊತ್ತಾಗಲ್ಲ, ಅವರ ಮರ್ಯಾದೆ ಉಳಿಯುತ್ತೆ ಅಂತ."

ನಿಬ್ಬಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಚಾರ್ಟಿನ ಫೋಟೋ ನೆನಪಾಯಿತು. ಕಲೆಯಿಲ್ಲದ ಆ ಬಿಳಿ ಕಾಗದ, ಕಪ್ಪುನೀಲಿ ಅಂಕಿ. ಇಂಕು ಸುರಿದುಕೊಂಡ ಕೈ ಅದನ್ನು ಮುಟ್ಟಿಯೇ ಇರಲಿಲ್ಲ.

"ಹಾಗಾದ್ರೆ 4 ಮಾಡಿದ್ದು?"

"ಬೆಳಿಗ್ಗೆ ಎಂಟಕ್ಕೆ ರೌಂಡ್ಸಲ್ಲಿ ನನ್ನ ಮುಂದೆ 1 ಅಂತ ಬರೆದ್ರು. ಹತ್ತಕ್ಕೆ ಚಾರ್ಟ್ ತರಿಸ್ಕೊಂಡ್ರು. ವಾಪಸ್ ಬಂದಾಗ 4."

"ಮರೆತಿರಬೇಕು. ವಯಸ್ಸು." ಬೆಳಿಗ್ಗೆಯಿಂದ ಯಾವ ಮಾತನ್ನು ಸುಳ್ಳು ಮಾಡಲು ಹೆಣಗಿದ್ದಳೋ ಅದನ್ನೇ ಈಗ ನಿಬ್ಬಕ್ಕ ಬೇಡಿಕೊಳ್ಳುವ ದನಿಯಲ್ಲಿ ಹೇಳುತ್ತಿದ್ದಳು. "ಕೈತಪ್ಪು ಆಗಿರಬಹುದಲ್ವಾ ಸಿಸ್ಟರ್?"

"ನಾನೂ ಹಾಗೇ ಅಂದ್ಕೊಂಡೆ. ಇಂಕ್ ಎಲ್ಲ ಒರೆಸಿ, ಗ್ಲೌಸ್ ಹಾಕ್ಕೊಂಡು, ನೇರ ಡ್ರೆಸ್ಸಿಂಗ್ ರೂಮಿಗೇ ಹೋದೆ. ಸಾರ್, ಟೀಚರಮ್ಮಂಗೆ ನಾಲ್ಕು ಅಂತ ಬರೆದಿದ್ದೀರಿ, ಕೈತಪ್ಪಾಯ್ತಾ ಅಂತ ಕೇಳ್ದೆ. ಅವರು ರೋಗಿ ಕಾಲಿಗೆ ಪಟ್ಟಿ ಸುತ್ತುತ್ತಾನೇ ಇದ್ರು. ತಲೆ ಎತ್ತಿ ನಕ್ಕರು. 'ನಾನು ಯಾವತ್ತಾದ್ರೂ ಕೈತಪ್ಪಿ ಬರೆದಿದ್ದೀನಾ ಸಿಸ್ಟರ್?' ಅಂದ್ರು."

ಸಿಸ್ಟರ್ ತಮ್ಮ ಬಲಗೈ ಮುಂದೆ ಚಾಚಿದರು.

"ಕೊಟ್ಟದ್ದು ಈ ಕೈ ಅಕ್ಕಾ. ಮೂರು ದಿನ, ಹನ್ನೆರಡು ಮಾತ್ರೆ. ಅವರ ಮಾತು ಮೀರಿ ಗೊತ್ತಿಲ್ಲ ನನಗೆ. ಯಾವುದೋ ಲೆಕ್ಕ ಇರಬೇಕು, ನನಗೆ ತಿಳಿಯದ್ದು ಅಂತ ಕೊಟ್ಟೆ. ಹೇಳಿದ್ರೆ ಯಾರು ನಂಬ್ತಾರೆ? ಪೆನ್ನು ಮುಟ್ಟಿದವಳು ನಾನು, ಮಾತ್ರೆ ಕೊಟ್ಟವಳು ನಾನು." ಅವರು ಮುಖ ಮುಚ್ಚಿಕೊಂಡು ಬಿಕ್ಕಿದರು. ಆ ಬಿಕ್ಕಳಿಕೆಯಲ್ಲಿ ಸುಳ್ಳಿರಲಿಲ್ಲ, ಇರಬಾರದಿತ್ತೇ ಎಂದು ನಿಬ್ಬಕ್ಕ ಹಾರೈಸಿದಳು.

ಅಪ್ಪನ ಮಂಚದ ಪಕ್ಕ ಕೂತು ನಾಡಿ ಹಿಡಿದ ಬೆರಳುಗಳು ಅವಳ ಕಣ್ಣ ಮುಂದೆ ಬಂದವು. ಒಂಬತ್ತು ತಿಂಗಳು. ಕೊನೆಯ ವಾರ ಅಪ್ಪನಿಗೆ ಏನು ಔಷಧಿ ಬರೆದಿದ್ದರು? ಆಗ ಅವಳು ಕೇಳಿರಲಿಲ್ಲ. ಅವರು ಬರೆದ ಮೇಲೆ ಕೇಳುವುದೇನಿತ್ತು? ಛೆ, ಇದೆಂಥ ಯೋಚನೆ ಎಂದು ತನ್ನನ್ನೇ ಬೈದುಕೊಂಡಳು. ಯೋಚನೆ ಹೋಗಲಿಲ್ಲ.

"ಮೈದುನನಿಗೆ ಹೇಳೋಣ," ಎಂದಳು. "ಈಗಲೇ. ಬನ್ನಿ, ನಾನಿದ್ದೀನಿ."

ಸಿಸ್ಟರ್ ತಲೆಯಾಡಿಸಿ ಕಣ್ಣೊರೆಸಿಕೊಂಡರು. ನಿಬ್ಬಕ್ಕ ಬಾಗಿಲ ಹಿಡಿಕೆಗೆ ಕೈ ಹಾಕುವ ಮೊದಲೇ ಅದು ಹೊರಗಿನಿಂದ ತಿರುಗಿತು.

ದೊಡ್ಡ ಡಾಕ್ಟರು ಒಳಗೆ ಬಂದು ಬಾಗಿಲು ಮುಚ್ಚಿದರು. ಬಿಳಿ ಕೋಟು, ಬಿಳಿ ಕೂದಲು, ಊರಿಗೆ ಊರೇ ನಂಬಿದ ನಗು.

"ಬಂದ್ಯಾ ಮಗಳೇ? ನನಗೋಸ್ಕರ ಎಷ್ಟು ಓಡಾಡ್ತಿದ್ದೀಯ." ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ಕೈ ಎಳ್ಳಷ್ಟೂ ನಡುಗಲಿಲ್ಲ. "ನನ್ನ ಪೆನ್ನು ತಂದಿದ್ದೀಯಂತೆ. ಕೊಡು, ಒಂದು ಚೀಟಿ ಬರೀಬೇಕು."

"ಯಾರಿಗೆ ಡಾಕ್ಟ್ರೇ?"

"ನಮ್ಮ ಸಿಸ್ಟರ್‌ಗೇ. ಪಾಪ, ಒಂದು ವಾರದಿಂದ ಅವರಿಗೆ ಎದೆ ಡವಡವ ಅಂತಿದೆ. ನಾಳೆ ಸಮಿತಿ ಮುಂದೆ ಕೂರೋಕೆ ಮೊದಲು ಅವರಿಗೂ ಆ ಮಾತ್ರೆ ಶುರು ಮಾಡಿಬಿಡೋಣ." ಅವರು ಮೇಜಿನಿಂದ ಚೀಟಿಯ ಪುಸ್ತಕ ಎಳೆದುಕೊಂಡು, ಬಲಗೈ ಚಾಚಿದರು. "ಎಲ್ಲಿ, ಕೊಡು."

ನಿಬ್ಬಕ್ಕನ ಬೆನ್ನ ಹಿಂದೆ ಸಿಸ್ಟರ ತಣ್ಣನೆಯ ಬೆರಳುಗಳು ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡವು.

"ಅಕ್ಕಾ," ಎಂದರು ಸಿಸ್ಟರ್, ಉಸಿರಿನಷ್ಟೇ ದನಿಯಲ್ಲಿ, "ನನಗೆ ಎದೆ ಕಾಯಿಲೆ ಇಲ್ಲ."